ಒಡೆಟ್‌ಳ ಬಹುವಚನ

ಒಡೆಟ್ ಗೊದ್ರೋ ತನ್ನ ಎಪ್ಪತ್ತು ದಾಟಿದ ಬದುಕಿನಲ್ಲಿ ಬಹುವಚನ ಹಚ್ಚಿ ಮಾತಾಡಿಸಿದವರು ಬಹಳ ಇರಲಿಲ್ಲ. ಚರ್ಚಿನ ಪಾದ್ರಿ, ಕಣ್ಣಿನ ಡಾಕ್ಟರು, ಸಾವಿನ ಮನೆಗೆ ಪೆಟ್ಟಿಗೆ ತರುವ ಕರಿ ಕೋಟಿನವನು, ಅಷ್ಟೇ. ಕ್ವೆಬೆಕ್‌ನ ಉತ್ತರಕ್ಕೆ, ಸಾಂ-ಜಾಂ ಸರೋವರದ ದಂಡೆಯ ಆ ಊರಿನಲ್ಲಿ ಮೇಯರನೂ ಅವಳಿಗೆ 'ನೀನು', ಬ್ಯಾಂಕಿನ ಮ್ಯಾನೇಜರನೂ 'ನೀನು'. ಒಮ್ಮೆ ವೇಗ ಮೀರಿದಳೆಂದು ಕಾರು ತಡೆದ ಪೊಲೀಸಿನವನನ್ನೇ 'ಏನೋ, ನಿಮ್ಮಮ್ಮನ ಮಂಡಿ ನೋವು ಹೇಗಿದೆಯೋ' ಎಂದು ವಿಚಾರಿಸಿಕೊಂಡು, ದಂಡ ಕಟ್ಟದೆ ಮನೆಗೆ ಬಂದಿದ್ದಳು.

ಅಂಥವಳು ಬೆನ್ವಾ ಲಪ್ವಾಂತ್ ಎಂಬ ಹಾಲಿನ ಟ್ಯಾಂಕರ್ ಓಡಿಸುವವನಿಗೆ, ತನಗಿಂತ ಇಪ್ಪತ್ತೈದು ವರ್ಷ ಚಿಕ್ಕವನಿಗೆ, ಮೊದಲ ಭೇಟಿಯಿಂದಲೇ 'ನೀವು' ಎನ್ನತೊಡಗಿದಾಗ ಅದು ಮರ್ಯಾದೆಯಲ್ಲ ಎಂಬುದು ಯಾರಿಗಾದರೂ ತಿಳಿಯುವಂತಿತ್ತು. "ಮೊಸ್ಯೂ ಲಪ್ವಾಂತ್, ನೀವು ಕೂತ್ಕೊಳ್ಳಿ." "ಮೊಸ್ಯೂ ಲಪ್ವಾಂತ್, ತಮಗೆ ಸೂಪು ಇನ್ನಷ್ಟು ಬಡಿಸಲೇ?" 'ಮೊಸ್ಯೂ' ಎಂದರೆ ಅವರ ಫ್ರೆಂಚಿನಲ್ಲಿ 'ಶ್ರೀಯುತರೇ' ಎಂದ ಹಾಗೆ; ಮಾತಿನಲ್ಲಿ ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ. ಆದರೆ ಬೇಲಿಗೆ ಬಣ್ಣ ಬಳಿದರೂ ಬೇಲಿ ಬೇಲಿಯೇ. ಬೆನ್ವಾ ಆ ಬೇಲಿಯ ಆಚೆ ಟೋಪಿ ಕೈಯಲ್ಲಿ ಹಿಡಿದು ನಿಂತುಕೊಂಡು, "ಸಾಕು, ಮದಾಂ ಗೊದ್ರೋ, ತುಂಬಾ ಚೆನ್ನಾಗಿದೆ" ಎನ್ನುತ್ತಿದ್ದ. ಅವನು ದೂರದ ಸಮುದ್ರ ತೀರದ ಕಡೆಯವನು. ಮಾತಿಗೆ ಆ ಕಡೆಯ ಎಳೆತವಿತ್ತು.

ಅವನನ್ನು ಮನೆಗೆ ಕರೆತಂದವಳು ಕರೀನ್. ಕರೀನ್ ಒಡೆಟ್‌ಳ ಸೊಸೆ. ಒಬ್ಬನೇ ಮಗ ಸಿಲ್ವೆನ್‌ನ ಹೆಂಡತಿ. ಸಿಲ್ವೆನ್ ಈಗ ಇಲ್ಲ. ನಾಲ್ಕು ವರ್ಷದ ಹಿಂದೆ, ಡಿಸೆಂಬರಿನ ಆರಂಭದಲ್ಲಿ, ಸರೋವರ ಇನ್ನೂ ಸರಿಯಾಗಿ ಹೆಪ್ಪುಗಟ್ಟದಿದ್ದಾಗ ಹಿಮದ ಬೈಕಿನಲ್ಲಿ ಹೊರಟ ಅವನು ಬೈಕಿನ ಸಮೇತ ನೀರಿನೊಳಗೆ ಹೋಗಿದ್ದ. ಅಂದಿನಿಂದ ಊರಿನವರು ಒಡೆಟ್‌ಳ ಎದುರು ಅವನ ಹೆಸರು ಹೇಳುವುದನ್ನು ಬಿಟ್ಟಿದ್ದರು. 'ಆ ವರ್ಷ' ಎನ್ನುತ್ತಿದ್ದರು, 'ಅದು ಆದಮೇಲೆ' ಎನ್ನುತ್ತಿದ್ದರು. ಅವಳ ಮನಸ್ಸು ನೋಯಬಾರದೆಂಬ ಒಳ್ಳೆಯ ಉದ್ದೇಶವೇ. ಆದರೆ ಹಾಗೆ ಎಲ್ಲರೂ ಸೇರಿ ಒಂದು ಹೆಸರನ್ನು ಬಾಯಿಂದ ಅಳಿಸಿಬಿಟ್ಟರೆ ಹೆತ್ತವಳಿಗೆ ಹೇಗಿರುತ್ತದೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅವನು ಹೋದಮೇಲೂ ಕರೀನ್ ದಿನವೂ ಕೆಲಸ ಮುಗಿಸಿ, ಮಗಳು ಕೊರಾಲಿಯನ್ನು ಶಾಲೆಯಿಂದ ಕರೆದುಕೊಂಡು ಒಡೆಟ್‌ಳ ಅಡುಗೆಮನೆಗೆ ಬರುತ್ತಿದ್ದಳು. ಬಾಗಿಲಲ್ಲೇ "ಅತ್ತೇ, ಬಂದ್ವಿ" ಎಂದು ಕೂಗಿ ಬೂಟು ಕಳಚುತ್ತಿದ್ದಳು. ಒಡೆಟ್‌ಳ ಸಂಜೆ ಶುರುವಾಗುತ್ತಿದ್ದದ್ದು ಆ ಕೂಗಿನಿಂದ.

ಕಳೆದ ವರ್ಷದ ನವೆಂಬರಿನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ಪ್ರತಿ ಚಳಿಗಾಲಕ್ಕೂ ಮುಂಚೆ ನಡೆಯುವ ಊಟ. ಬೆಲ್ಲದ ಪಾಕದಲ್ಲಿ ರಾತ್ರಿಯಿಡೀ ಬೆಂದ ಬೀನ್ಸು, ಹಂದಿಮಾಂಸ, ಬ್ರೆಡ್ಡು. ಒಡೆಟ್, ಕರೀನ್, ಕೊರಾಲಿ, ಬೆನ್ವಾ ನಾಲ್ವರೂ ಒಂದೇ ಮೇಜಿಗೆ ಕೂತಿದ್ದರು. ಪಕ್ಕದ ಬೀದಿಯ ಗಿಲೆನ್ ತಟ್ಟೆ ಹಿಡಿದುಕೊಂಡು ಬಂದಳು.

"ಒಡೆಟ್, ಯಾರೇ ಇವ್ರು? ಪರಿಚಯ ಮಾಡಿಸ್ಬಾರ್ದಾ?"

ಒಡೆಟ್ ಬಾಯಿ ತೆರೆದಳು. ವಿಚಿತ್ರವೆಂದರೆ, ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಮಾತಿನಲ್ಲಿ ಹೇಳುವುದೇ ಜೀವಮಾನವೆಲ್ಲ ಅವಳ ಕಸುಬಾಗಿತ್ತು. ಊರಿನ ವಾರಪತ್ರಿಕೆಯಲ್ಲಿ ನಿಧನವಾರ್ತೆಗಳನ್ನು ಬರೆಯುತ್ತಿದ್ದವಳು ಅವಳೇ. ಮಲಮಗ, ದತ್ತುಮಗಳು, ಮೊದಲ ಹೆಂಡತಿಯ ತಂಗಿ, ಮುನಿಸಿಕೊಂಡು ಹೋದ ಅಣ್ಣ, ಎಲ್ಲರಿಗೂ ಒಂದು ಪದ ಹುಡುಕಿ, ಯಾರ ಮನಸ್ಸೂ ನೋಯದ ಹಾಗೆ ಸಾಲಿನಲ್ಲಿ ಕೂರಿಸುತ್ತಿದ್ದಳು. ನಿವೃತ್ತಿಯಾದ ಮೇಲೂ ಮನೆಯಲ್ಲಿ ಸಾವಾದರೆ ಜನ ಅವಳ ಬಾಗಿಲಿಗೇ ಬರುತ್ತಿದ್ದರು. ಈಗ ಎದುರಿಗೆ ಕೂತು ಬೀನ್ಸು ತಿನ್ನುತ್ತಿದ್ದ ಈ ಮನುಷ್ಯನಿಗೆ ಮಾತ್ರ ಅವಳ ಬಳಿ ಪದ ಇರಲಿಲ್ಲ. ಸತ್ತ ಮಗನ ಹೆಂಡತಿಯ ಗೆಳೆಯನನ್ನು ಏನೆನ್ನುತ್ತಾರೆ?

"ಇವರು ಮೊಸ್ಯೂ ಲಪ್ವಾಂತ್," ಎಂದಳು. "ಹಾಲಿನ ಲಾರಿ ಓಡಿಸ್ತಾರೆ. ಇವತ್ತು ಕರೀನ್‌ಳ ಕಾರು ಓಡಿಸ್ಕೊಂಡು ಬಂದಿದ್ದಾರೆ."

ಗಿಲೆನ್ ಒಮ್ಮೆ ಕರೀನ್‌ಳ ಮುಖ, ಒಮ್ಮೆ ಬೆನ್ವಾನ ಮುಖ ನೋಡಿದಳು. ಬೆನ್ವಾ ಎದ್ದು ಕೈ ಚಾಚಿ, "ಹೌದು, ಕಾರೂ ಓಡಿಸ್ತೀನಿ" ಎಂದು ನಕ್ಕ. ಅವನ ಕಿವಿ ಕೆಂಪಾಗಿತ್ತು. ಕರೀನ್ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮರುದಿನ ಅವಳು ಒಬ್ಬಳೇ ಬಂದಳು. ಬೂಟು ಕಳಚಲಿಲ್ಲ.

"ಅತ್ತೆ, ನಿನ್ನೆ ನೀವು ಮಾಡಿದ್ದು ಸರೀನಾ?"

"ಏನ್ ಮಾಡ್ದೆ? ಕಾರು ಓಡಿಸಿದ್ದು ಸುಳ್ಳಾ?"

"ಅವನನ್ನ ಹೆಸರು ಹಿಡಿದು ಕರೆಯೋಕೆ ನಿಮಗೇನ್ ಕಷ್ಟ? ಇಡೀ ಊರನ್ನ ಏಕವಚನದಲ್ಲಿ ಮಾತಾಡಿಸ್ತೀರ. ಬಿಷಪ್ಪರು ಬಂದಾಗ ಅವರ ಡ್ರೈವರನ್ನ 'ಬಾರೋ, ತಿನ್ನೋ' ಅಂದ್ರಿ. ಇವನಿಗೆ ಮಾತ್ರ ಮೊಸ್ಯೂ!"

"ಮರ್ಯಾದೆ ಕೊಟ್ರೂ ತಪ್ಪಾ?"

"ಮರ್ಯಾದೆ ಕೊಡ್ತಿಲ್ಲ ನೀವು. ಬಾಗಿಲು ಹಾಕ್ತಿದ್ದೀರ. ಅವನಿಗೂ ಗೊತ್ತು ಅದು." ಕರೀನ್ ಗೋಡೆಗೆ ಒರಗಿದಳು. ತಗ್ಗಿದ ದನಿಯಲ್ಲಿ, "ನಾವು ಮದುವೆ ಆಗ್ತಿದ್ದೀವಿ. ಜೂನ್‌ನಲ್ಲಿ. ದೊಡ್ಡದೇನಿಲ್ಲ, ಪುರಸಭೇಲಿ ರುಜು ಹಾಕೋದು ಅಷ್ಟೇ. ನಿಮಗೆ ಮೊದಲು ಹೇಳ್ಬೇಕು ಅಂತ ಬಂದೆ" ಎಂದಳು.

ಒಡೆಟ್ ಸ್ಟೌವಿನ ಮೇಲಿನ ಪಾತ್ರೆಯ ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು. ಅವರ ಭಾಷೆಯಲ್ಲಿ ಅತ್ತೆಯನ್ನು 'ಚೆಲುವೆ ತಾಯಿ' ಎನ್ನುತ್ತಾರೆ, ಸೊಸೆಯನ್ನು 'ಚೆಲುವೆ ಮಗಳು'. ಸಿಲ್ವೆನ್‌ನ ಮದುವೆಯ ದಿನ ಒಡೆಟ್ ಎಲ್ಲರೆದುರು ತಮಾಷೆ ಮಾಡಿದ್ದಳು: 'ನೋಡಿ, ಒಂದು ರುಜು ಹಾಕಿದ ಕೂಡಲೇ ಈ ಮುದುಕಿ ಚೆಲುವೆ ಆಗ್ಬಿಟ್ಟೆ' ಎಂದು. ಹಾಗಿದ್ದರೆ ಇನ್ನೊಂದು ರುಜು ಬಿದ್ದ ಕೂಡಲೇ? ಸಿಲ್ವೆನ್‌ನ ಮೂಲಕ ಬಂದ ಪದ ಅದು. ನಡುವಿನವನು ಹೋದಮೇಲೂ ಹಗ್ಗ ಹೇಗೋ ನಿಂತಿತ್ತು. ಈಗ ಕರೀನ್ ಆ ತುದಿಯನ್ನು ಬೇರೊಬ್ಬನ ಕೈಗೆ ಕೊಡುತ್ತಿದ್ದಳು.

ಅದನ್ನೆಲ್ಲ ಹೇಳಲು ಅವಳಿಗೆ ಬರಲಿಲ್ಲ. ಬಂದದ್ದು ಇಷ್ಟು:

"ಒಳ್ಳೇದಾಗ್ಲಿ. ಆದ್ರೆ ಇನ್ಮೇಲೆ ನನ್ನ ಅತ್ತೆ ಅನ್ನಬೇಡ. ನಿನಗೆ ಬೇರೆ ಅತ್ತೆ ಇರ್ತಾಳಲ್ಲ."

"ಅವನ ಅಮ್ಮ ತೀರ್ಕೊಂಡಿದ್ದಾರೆ."

"ತೀರ್ಕೊಂಡಿದ್ರೂ ಅವಳೇ ಅತ್ತೆ."

ಕರೀನ್ ಕೈಗವಸು ಎಳೆದುಕೊಂಡಳು. ಆಮೇಲೆ ಅಳುತ್ತ ಹೊರಗೆ ಹೋದಳು. ಕಾರು ಹೊರಟ ಸದ್ದಾದ ಮೇಲೂ ಒಡೆಟ್ ಆ ಮುಚ್ಚಳವನ್ನು ತೆಗೆಯುತ್ತ, ಮುಚ್ಚುತ್ತ ಇದ್ದಳು.

ಒಂದು ಪದ ಕಿತ್ತರೆ ಮಾತು ಹೇಗೆ ಕುಂಟುತ್ತದೆ ಎಂಬುದು ಆ ಚಳಿಗಾಲದಲ್ಲಿ ಒಡೆಟ್‌ಗೆ ಗೊತ್ತಾಯಿತು. ಕರೀನ್ ಬರುವುದನ್ನು ನಿಲ್ಲಿಸಲಿಲ್ಲ. ಆದರೆ ಬಾಗಿಲಲ್ಲಿ ಕೂಗುವುದನ್ನು ನಿಲ್ಲಿಸಿದಳು. ಒಳಗೆ ಬಂದು, ಒಡೆಟ್‌ಳ ಕಣ್ಣಿಗೆ ಬೀಳುವವರೆಗೂ ಕಾದು, "ಇದ್ದೀರಾ" ಎನ್ನುತ್ತಿದ್ದಳು. ಫೋನಿನಲ್ಲಿ "ಹಲೋ, ಅದು... ನಾನು ಕರೀನ್" ಎನ್ನುತ್ತಿದ್ದಳು. ಕೋಣೆಯ ಆಚೆಯಿಂದ ಉಪ್ಪು ಬೇಕೆಂದರೆ ಕೇಳಲಾಗದೆ, ಎದ್ದು ಬಂದು ತಾನೇ ತೆಗೆದುಕೊಳ್ಳುತ್ತಿದ್ದಳು. ಕರೆಯಲು ಹೆಸರಿಲ್ಲದಿದ್ದರೆ ಬೆನ್ನು ತಿರುಗಿಸಿ ನಿಂತವರನ್ನು ಮಾತಾಡಿಸುವುದು ಹೇಗೆ? 'ಒಡೆಟ್' ಎನ್ನಲು ಅವಳಿಗೆ ನಾಲಿಗೆ ಹೊರಳದು. 'ಮದಾಂ' ಎಂದರೆ ಮುಖಕ್ಕೆ ಹೊಡೆದಂತೆ. ಆದ್ದರಿಂದ ಏನೂ ಅನ್ನುತ್ತಿರಲಿಲ್ಲ. ಒಡೆಟ್ ತಾನೇ ಆಡಿದ ಮಾತನ್ನು ತಾನೇ ನುಂಗಲಾಗದೆ, ಉಪ್ಪಿನ ಡಬ್ಬಿಯನ್ನು ಯಾವಾಗಲೂ ಮೇಜಿನ ನಡುವೆಯೇ ಇಡತೊಡಗಿದಳು.

ಜನವರಿಯಲ್ಲಿ ಬೆನ್ವಾ ಒಬ್ಬನೇ ಬಂದ. ಅಂಗಳದ ಹಿಮ ತೆಗೆದುಹಾಕಿ, ಬಾಗಿಲು ತಟ್ಟಿ, ಒಳಗೆ ಬರದೆ ಹೊಸ್ತಿಲಲ್ಲೇ ನಿಂತ.

"ಮದಾಂ ಗೊದ್ರೋ, ಒಂದು ಕೇಳೋದಿತ್ತು. ಹಿಂದುಗಡೆ ಒಂದು ಮೀನಿನ ಗುಡಿಸಲಿದೆಯಲ್ಲ. ಕೊರಾಲಿ ಅದನ್ನ ಸರೋವರದ ಮೇಲೆ ಇಡೋಣ ಅಂತಿದ್ದಾಳೆ. ಅವಳ ಅಪ್ಪನ ಜೊತೆ ಹೋಗ್ತಿದ್ಲಂತೆ. ನೀವು ಬೇಡ ಅಂದ್ರೆ ಬೇಡ. ನನಗೇನೂ ಬೇಜಾರಿಲ್ಲ."

ಚಳಿಗಾಲದಲ್ಲಿ ಆ ಸರೋವರದ ಮೇಲೆ ಒಂದು ಊರೇ ಏಳುತ್ತದೆ. ಮಂಜುಗಡ್ಡೆಗೆ ತೂತು ಕೊರೆದು, ಅದರ ಮೇಲೆ ಕೋಣೆಯಷ್ಟಗಲದ ಮರದ ಗುಡಿಸಲು ಇಟ್ಟು, ಒಳಗೆ ಒಲೆ ಹಚ್ಚಿಕೊಂಡು ಗಾಳ ಹಾಕಿ ಕೂರುತ್ತಾರೆ. ಸಿಲ್ವೆನ್‌ನ ಗುಡಿಸಲು ನೀಲಿ ಬಣ್ಣದ್ದು. ನಾಲ್ಕು ವರ್ಷದಿಂದ ಕೊಟ್ಟಿಗೆಯ ಹಿಂದೆ ಹಿಮ ಹೊದ್ದು ನಿಂತಿತ್ತು.

"ತಮ್ಮಿಷ್ಟ, ಮೊಸ್ಯೂ ಲಪ್ವಾಂತ್," ಎಂದು ಒಡೆಟ್ ಬಾಗಿಲು ಮುಚ್ಚಿದಳು. ಆದರೆ ಆ ನೀಲಿ ಚುಕ್ಕೆ ಬಿಳಿಯ ಮೇಲೆ ಕೂತ ಮೇಲೆ, ಪ್ರತಿ ಶನಿವಾರ ಅಡುಗೆಮನೆಯ ಕಿಟಕಿಯಿಂದ ಅದನ್ನೇ ನೋಡುತ್ತಿದ್ದಳು. ಕೊರಾಲಿಯ ಕೆಂಪು ಟೋಪಿ ಒಳಗೆ ಹೋಗುವುದು, ಹೊರಗೆ ಬರುವುದು. ದೊಡ್ಡವನು ಅವಳ ಹಿಂದೆ ಬಕೆಟ್ಟು ಹಿಡಿದುಕೊಂಡು ಬರುವುದು. ಸಂಜೆಗೆ ಕೊರಾಲಿ ಮೀನು ತಂದು ಅಜ್ಜಿಯ ಸಿಂಕಿನಲ್ಲಿ ಸುರಿಯುತ್ತಿದ್ದಳು. ಬೆನ್ವಾ ಕಾರಿನಲ್ಲೇ ಕೂತಿರುತ್ತಿದ್ದ.

ಫೆಬ್ರವರಿಯಲ್ಲಿ ಗಿಲೆನ್‌ಳ ತಂದೆ ತೀರಿಕೊಂಡ. ಗಿಲೆನ್ ಕಣ್ಣು ಬಾತುಕೊಂಡು ಒಡೆಟ್‌ಳ ಮೇಜಿಗೆ ಬಂದು ಕೂತಳು. ಮುದುಕ, ಹೆಂಡತಿ ಸತ್ತಮೇಲೆ, ಇಪ್ಪತ್ತು ವರ್ಷ ಬೇರೊಬ್ಬ ಹೆಂಗಸಿನ ಜೊತೆ ಬದುಕಿದ್ದ. ಮದುವೆಯಾಗಿರಲಿಲ್ಲ.

"ಅವಳ ಹೆಸರು ಹಾಕೋದು ಬೇಡ ಅಂತಾನೆ ನನ್ನ ತಮ್ಮ. 'ಅವಳು ನಮಗೆ ಯಾರು' ಅಂತಾನೆ. ಏನಂತ ಹಾಕೋಣ ಒಡೆಟ್? 'ಗೆಳತಿ' ಅಂದ್ರೆ ಹುಡುಗಾಟ ಆಗುತ್ತೆ. 'ಪರಿಚಯದವಳು' ಅಂತ ಹಾಕೋಣ್ವಾ?"

"ಪರಿಚಯದವಳಾ?" ಒಡೆಟ್ ಪೆನ್ನು ಕೆಳಗಿಟ್ಟಳು. "ಇಪ್ಪತ್ತು ವರ್ಷ ಅವನಿಗೆ ಸೂಪು ಮಾಡಿ ಹಾಕಿದ್ದಾಳೆ. ಕಡೇ ವರ್ಷ ಎತ್ತಿ ಕೂರಿಸಿ ತೊಳೆದಿದ್ದಾಳೆ. ನಿನ್ನ ತಮ್ಮ ತೊಳೆದ್ನಾ? 'ಬಾಳ ಸಂಗಾತಿ' ಅಂತ ಹಾಕು. ಮೊದಲನೇ ಸಾಲಲ್ಲೇ ಹಾಕು. ಪದಕ್ಕೇನು ದುಡ್ಡು ಕೊಡ್ಬೇಕಾ? ಒಂದು ಪದ ಕೊಟ್ರೆ ನಿಮ್ಮ ಮನೆಯಿಂದ ಏನು ಹೋಗುತ್ತೆ?"

ಗಿಲೆನ್ ಕಣ್ಣೊರೆಸಿಕೊಂಡು, "ನೀನು ಹೇಳಿದ್ರೆ ಸರಿ" ಎಂದಳು. ಬಾಗಿಲವರೆಗೆ ಹೋದವಳು ತಿರುಗಿ, ಚುಚ್ಚಬೇಕೆಂದಲ್ಲ, ಹಳೆಯ ಸಲಿಗೆಯಿಂದ ಕೇಳಿದಳು:

"ಅಂದ ಹಾಗೆ, ನಿಮ್ಮ ಆ ಮೊಸ್ಯೂ ಹೇಗಿದ್ದಾರೆ?"

ಒಡೆಟ್ ಹೊರಬಾಗಿಲು ತೆರೆದು ಹಿಡಿದಳು. "ಹಿಮ ಜಾರುತ್ತೆ, ಮೆಲ್ಲಗೆ ಹೋಗು," ಎಂದಳು. ಆ ಸಂಜೆಯೆಲ್ಲ ಅವಳಿಗೆ ತನ್ನ ಮೇಲೇ ಸಿಟ್ಟು. ಸಿಟ್ಟು ಬಂದರೂ ಏನು ಮಾಡುವುದು? ನಾಲಿಗೆಗೆ ಒಂದು ದಾರಿ ರೂಢಿಯಾದ ಮೇಲೆ ಅದನ್ನು ಹಿಂದಕ್ಕೆ ತಿರುಗಿಸುವುದು ಎತ್ತಿನ ಗಾಡಿಯನ್ನು ಸಂದಿಯಲ್ಲಿ ತಿರುಗಿಸಿದ ಹಾಗೆ. ಮುಂದಿನ ಸಲ ಬೆನ್ವಾ ಬಂದಾಗ 'ಬಾ' ಎನ್ನಬೇಕೆಂದು ನಿಶ್ಚಯಿಸಿದ್ದಳು. ಬಂದಾಗ ಬಾಯಿಂದ ಹೊರಟದ್ದು "ಬನ್ನಿ".

ಮಾರ್ಚ್ ಕೊನೆಗೆ ಬಿಸಿಲು ಏರಿತು. ಗುಡಿಸಲುಗಳನ್ನು ದಡಕ್ಕೆ ಎಳೆದುಕೊಳ್ಳುವ ಕಾಲ. ಒಂದು ಮಧ್ಯಾಹ್ನ ಒಡೆಟ್ ಮಾಂಸದ ಕಡುಬಿಗೆ ಹಿಟ್ಟು ನಾದುತ್ತ ಕಿಟಕಿಯಲ್ಲಿ ನಿಂತಿದ್ದಾಗ ಬೆನ್ವಾ ದೂರದಲ್ಲಿ ಕಂಡ. ಗುಡಿಸಲಿನ ಬುಡಕ್ಕೆ ಅಂಟಿದ್ದ ಮಂಜುಗಡ್ಡೆಯನ್ನು ಕೊಡಲಿಯಿಂದ ಬಿಡಿಸಿ, ಕೆಲಸ ಮುಗಿಸಿ ಹೊರಟಿದ್ದ. ಹೋಗುವಾಗ ಬಳಸು ದಾರಿಯಲ್ಲಿ ಹೋಗಿದ್ದವನು, ಬರುವಾಗ ನೇರ ಅವಳ ಮನೆಯ ದಿಕ್ಕಿಗೆ ನಡೆದು ಬರುತ್ತಿದ್ದ.

ನೇರ ಎಂದರೆ ಹಳ್ಳದ ಬಾಯಿಯ ಮೇಲೆ. ಹಳ್ಳ ಸರೋವರಕ್ಕೆ ಸೇರುವ ಕಡೆ ಮಂಜುಗಡ್ಡೆ ಕೆಳಗಿನಿಂದ ಸವೆಯುತ್ತದೆ. ಮೇಲೆ ಹಿಮ ಬೆಳ್ಳಗೆ, ಗಟ್ಟಿಯಾಗಿಯೇ ಕಾಣುತ್ತಿರುತ್ತದೆ. ಆ ದಂಡೆಯಲ್ಲಿ ಹುಟ್ಟಿದ ಮಕ್ಕಳಿಗೆ ನಡೆಯಲು ಕಲಿಯುವಾಗಲೇ ಅದನ್ನು ಹೇಳಿಕೊಡುತ್ತಾರೆ. ಸಮುದ್ರದ ಕಡೆಯಿಂದ ಬಂದವನಿಗೆ ಯಾರು ಹೇಳಬೇಕಿತ್ತು?

ಒಡೆಟ್ ಮನೆಯ ಚಪ್ಪಲಿಯಲ್ಲೇ ಓಡಿದಳು. ದಡದ ಕಲ್ಲುಗಳವರೆಗೆ ಬಂದು, ಹಿಟ್ಟು ಮೆತ್ತಿದ ಕೈಗಳನ್ನು ಮೇಲೆತ್ತಿ ಕೂಗಿದಳು:

"ಮೊಸ್ಯೂ ಲಪ್ವಾಂತ್! ಮೊಸ್ಯೂ ಲಪ್ವಾಂತ್! ದಯವಿಟ್ಟು ನಿಲ್ಲಿ!"

ಗಾಳಿ ಎದುರಿಗಿತ್ತು. ಅವಳ ಮಾತು ಅವಳ ಬಾಯಿಗೇ ಮರಳಿತು. 'ಮೊಸ್ಯೂ' ಎಂಬುದು ಕೂಗಲು ಹುಟ್ಟಿದ ಮಾತಲ್ಲ. ಹೊಸ್ತಿಲಲ್ಲಿ ನಿಂತು ತುಟಿ ಬಿಗಿದು ಹೇಳಲು ಹುಟ್ಟಿದ್ದು. ಬೆನ್ವಾಗೆ ಕೇಳಿಸಲಿಲ್ಲ, ಆದರೆ ಕೈ ಎತ್ತಿದ್ದು ಕಾಣಿಸಿತು. ಮುದುಕಿ ಮೊದಲ ಸಲ ತನ್ನನ್ನು ಕಂಡು ಕೈ ಬೀಸಿದಳೆಂದು ತಿಳಿದು ಅವನೂ ಕೈ ಬೀಸಿದ. ಹೆಜ್ಜೆ ಬಿರುಸಾಗಿ ಹಾಕಿದ.

"ಬೆನ್ವಾ!"

ಅದು ಅವಳ ಹೊಟ್ಟೆಯ ತಳದಿಂದ ಬಂತು.

"ಲೋ ಬೆನ್ವಾ! ನಿಂತ್ಕೊಳೋ! ಬರಬೇಡ್ವೋ! ಅಲ್ಲೇ ನಿಲ್ಲೋ!"

ಅವನು ನಿಂತ. ಮಾತು ಅರ್ಥವಾಗಿ ನಿಂತನೋ, ಆ ಬಾಯಲ್ಲಿ ತನ್ನ ಹೆಸರು ಕೇಳಿದ ಬೆರಗಿಗೆ ನಿಂತನೋ, ಅಂತೂ ನಿಂತ. ನಿಂತ ಕಡೆಯೇ ಬಲಗಾಲು ತೊಡೆಯವರೆಗೆ ಒಳಗೆ ಹೋಯಿತು. ಇನ್ನಷ್ಟು ಮುಂದೆ ಬಂದಿದ್ದರೆ ಕಾಲಲ್ಲ, ಆಳೇ ಹೋಗುತ್ತಿದ್ದ.

"ಮಲಕ್ಕೋ! ಹೊಟ್ಟೆ ಮೇಲೆ ಮಲಕ್ಕೋ! ಎದ್ದೇಳಬೇಡ, ದಡ್ಡ ನನ್ಮಗನೇ, ಎದ್ದೇಳಬೇಡ ಅಂದೆ! ಕೈ ಅಗಲ ಮಾಡು. ಕಾಲು ಮೆಲ್ಲಗೆ ಎಳ್ಕೋ. ಹಾಂ... ಈಗ ಬಂದ ದಾರೀಲೇ ಹಿಂದಕ್ಕೆ ತೆವಳು. ತೆವಳೋ! ನಾಚಿಕೆ ಏನು, ಯಾರು ನೋಡ್ತಿದ್ದಾರೆ? ಈಗ ಬಲಕ್ಕೆ, ಆ ಪೈನ್ ಮರದ ಕಡೆ. ಏಳು. ನಡಿ. ನಿಲ್ಲಬೇಡ!"

ಪೈನ್ ಮರದ ಬಳಿ ಅವನು ದಡ ಹತ್ತಿದಾಗ ಅವಳೂ ಕಲ್ಲು ತಡವಿಕೊಂಡು ಅಲ್ಲಿಗೆ ಬಂದಿದ್ದಳು. ಬಂದವಳೇ ಎರಡೂ ಕೈಗಳಿಂದ ಅವನ ಭುಜಕ್ಕೆ, ಎದೆಗೆ ಗುದ್ದಿದಳು. ಕರಿ ಕೋಟಿನ ಮೇಲೆ ಹಿಟ್ಟಿನ ಅಚ್ಚು ಬಿತ್ತು. ಆಮೇಲೆ ಅದೇ ಕೋಟು ಹಿಡಿದುಕೊಂಡು ನಿಂತುಬಿಟ್ಟಳು. ಯಾರು ಯಾರನ್ನು ಹಿಡಿದುಕೊಂಡಿದ್ದರೆಂದು ಹೇಳುವುದು ಕಷ್ಟ.

ಮನೆಗೆ ಬಂದಮೇಲೂ ಅವಳ ಬಾಯಿ ನಿಲ್ಲಲಿಲ್ಲ. "ಬಿಚ್ಚು ಆ ಪ್ಯಾಂಟು. ನಾಚ್ಕೋಬೇಡ, ಒಂದು ಗಂಡು ಹೆತ್ತಿದ್ದೀನಿ. ತಗೋ ಟವೆಲ್ಲು. ಉಜ್ಜು, ಗಟ್ಟಿಯಾಗಿ ಉಜ್ಜು." ಒಳಗಿನ ಕೋಣೆಯ ಪೆಟ್ಟಿಗೆಯಿಂದ ಸಿಲ್ವೆನ್‌ನ ಉಣ್ಣೆಯ ಪ್ಯಾಂಟು ತಂದು ಅವನ ಮೇಲೆ ಎಸೆದಳು. ಬೆನ್ವಾ ಎತ್ತರದ ಆಳು; ಅದು ಅವನ ಮೀನಖಂಡಕ್ಕೇ ನಿಂತಿತು. ಒಡೆಟ್ ಒಮ್ಮೆ ನೋಡಿದಳು. ತಡೆಯಲಾರದೆ ಇನ್ನೊಮ್ಮೆ ನೋಡಿದಳು. ಆಮೇಲೆ ಬಟ್ಟಲಿಗೆ ಸೂಪು ಹಾಕಿದಳು.

"ಕುಡಿ. ಬಿಸಿ ಇರುವಾಗ್ಲೇ ಕುಡಿ. ಹಳ್ಳ ಎಲ್ಲಿ ಸೇರುತ್ತೆ ಅಂತ ಕೇಳೋಕೆ ಬಾಯಿರಲಿಲ್ವಾ ನಿನಗೆ?"

"ಕೇಳ್ಬೇಕಿತ್ತು, ಮದಾಂ ಗೊದ್ರೋ."

"ಏನ್ ಮದಾಂ! ನಿನ್ನ ಒದ್ದೆ ಚಡ್ಡಿ ನನ್ನ ಸ್ಟೌವಿನ ಮುಂದೆ ಒಣಗ್ತಿದೆ, ಇನ್ನೂ ಮದಾಂ ಅಂತೀಯಾ?"

ಬೆನ್ವಾ ನಕ್ಕ. ಹಲ್ಲು ಕಟಕಟ ಎನ್ನುತ್ತಿದ್ದರಿಂದ ನಗು ತುಂಡುತುಂಡಾಗಿ ಬಂತು. "ಮತ್ತೇನಂತ ಕರೀಲಿ?"

ಒಡೆಟ್ ಎದುರಿನ ಕುರ್ಚಿಯಲ್ಲಿ ಕೂತಳು. ಈಗಷ್ಟೇ ಅವಳಿಗೆ ತಾನು ಸುಸ್ತಾಗಿರುವುದು ತಿಳಿಯಿತು. "ಒಡೆಟ್ ಅನ್ನು. ಹೆಸರಿಟ್ಟಿರೋದೇ ಅದಕ್ಕೆ."

"ಬಾಯಲ್ಲಿ ಬರಲ್ಲ. ದೊಡ್ಡವರನ್ನ ಬರೀ ಹೆಸರು ಹಿಡಿದು ಕರೆದ್ರೆ ನಮ್ಮಪ್ಪ ಸೋಪು ಹಾಕಿ ಬಾಯಿ ತೊಳೀತಿದ್ದ." ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಹೇಳಿದ: "ಮೊನ್ನೆ ಶಾಲೇಲಿ ಕೊರಾಲಿ ಟೀಚರ್ ಕೇಳಿದ್ರು, ನೀವು ಇವಳ ಅಪ್ಪಾನಾ ಅಂತ. ಅಲ್ಲ ಅಂದೆ. ಮತ್ತೆ ಯಾರು ಅಂದ್ರು. ನಾನು ಕೊರಾಲಿ ಮುಖ ನೋಡ್ದೆ, ಅವಳು ನನ್ನ ಮುಖ ನೋಡಿದ್ಲು. 'ಇವನು ಬೆನ್ವಾ' ಅಂದ್ಲು. ಅಷ್ಟೇ. ಅಪ್ಪ ಅನ್ನು ಅಂತ ನಾನು ಯಾವತ್ತೂ ಹೇಳಲ್ಲ. ಅದು ಸಿಲ್ವೆನ್‌ದು. ಸಿಲ್ವೆನ್‌ದೇ ಆಗಿರಲಿ. ಆದ್ರೂ ಏನಾದ್ರೂ ಒಂದು ಇದ್ದಿದ್ರೆ ಚೆನ್ನಾಗಿರ್ತಿತ್ತು ಅನ್ಸುತ್ತೆ ಒಂದೊಂದ್ಸಲ."

ಒಡೆಟ್ ತಲೆ ಎತ್ತಿದಳು. ನಾಲ್ಕು ವರ್ಷದಲ್ಲಿ ಆ ಅಡುಗೆಮನೆಯಲ್ಲಿ ಹೊರಗಿನವರೊಬ್ಬರು ಆ ಹೆಸರನ್ನು ನೇರವಾಗಿ, ದನಿ ತಗ್ಗಿಸದೆ, ಬದುಕಿರುವವನ ಹೆಸರು ಹೇಳಿದ ಹಾಗೆ ಹೇಳಿದ್ದು ಅದೇ ಮೊದಲು. ಪದ ಸಿಗದೆ ಒದ್ದಾಡುವವಳು ತಾನೊಬ್ಬಳೇ ಎಂದುಕೊಂಡಿದ್ದಳು. ಈ ಮನುಷ್ಯ ಮೋಟು ಪ್ಯಾಂಟಿನಲ್ಲಿ ಕೂತು, ತನಗೊಂದು ಹೆಸರೂ ಇಲ್ಲದ ಮನೆಯ ಹಿಮ ತೆಗೆಯುತ್ತ ಇಡೀ ಚಳಿಗಾಲ ಕಳೆದಿದ್ದ.

"ಇನ್ನೊಂದ್ಸಲ ಹೇಳು," ಎಂದಳು.

"ಏನನ್ನ?"

"ಅವನ ಹೆಸರು."

"ಸಿಲ್ವೆನ್," ಎಂದ ಬೆನ್ವಾ.

ಒಡೆಟ್ ಏಪ್ರನ್‌ನಿಂದ ಮೂಗು ಒರೆಸಿಕೊಂಡಳು. "ಅವನೂ ಹೀಗೇ. ಹೇಳಿದ ಮಾತು ಕೇಳ್ತಿರಲಿಲ್ಲ," ಎಂದು ಶುರು ಮಾಡಿದವಳು, ಮಗನ ಬಗ್ಗೆ ಯಾವ ಯಾವುದನ್ನೋ, ಹಿಂದುಮುಂದಾಗಿ, ಸೂಪು ಆರಿ ತಣ್ಣಗಾಗುವವರೆಗೂ ಹೇಳಿದಳು. ಬೆನ್ವಾ ನಡುವೆ ಬಾಯಿ ಹಾಕದೆ ಕೇಳಿದ.

ಅವನು ಹೋದಮೇಲೆ ಅವಳೇ ಕರೀನ್‌ಗೆ ಫೋನು ಮಾಡಿದಳು.

"ನಿನ್ನ ಬೆನ್ವಾ ಹಳ್ಳದ ಬಾಯಿಗೆ ಕಾಲು ಹಾಕಿದ್ದ. ಏನಾಗಿಲ್ಲ, ಗಾಬರಿ ಆಗಬೇಡ. ನೆಟ್ಟಗೆ ಮನೆಗೆ ಬರ್ತಿದ್ದಾನೆ. ಪ್ಯಾಂಟು ನೋಡಿ ನಗಬೇಡ."

ಕರೀನ್ ಏನೇನೋ ಕೇಳಿದಳು, ಒಡೆಟ್ ಉತ್ತರ ಹೇಳಿದಳು.

"ಕರೀನ್, ನೀನು ನನ್ನ ಅತ್ತೆ ಅನ್ನೋದನ್ನ ಬಿಟ್ಬಿಟ್ಟೆ."

"ನೀವೇ ಅಲ್ವಾ ಬೇಡ ಅಂದಿದ್ದು!"

"ನಾನು ಹೇಳಿದ್ದೆಲ್ಲ ಕೇಳ್ತೀಯಾ? ಮದುವೆ ಆಗಿ ಬಂದಾಗಿಂದ ನನ್ನ ಒಂದು ಮಾತು ಕೇಳಿದವಳಲ್ಲ. ಪರದೆ ಬದಲಾಯಿಸು ಅಂದ್ರೆ ಕೇಳಲಿಲ್ಲ, ಕಾಫಿ ಕಡಿಮೆ ಕುಡಿ ಅಂದ್ರೆ ಕೇಳಲಿಲ್ಲ. ಹುಡುಕಿ ಹುಡುಕಿ ಇದೊಂದನ್ನ ಕೇಳಿದ್ಯಲ್ಲೇ!"

ಕರೀನ್ ನಗಲು ಹೋಗಿ ಅತ್ತಳು. ಒಡೆಟ್ ಫೋನು ಹಿಡಿದುಕೊಂಡೇ ಕಾದಳು. ಮೂಗು ಸೇದುವ ಸದ್ದಿನ ನಡುವೆ, "ಅತ್ತೆ, ಒಂದ್ನಿಮಿಷ ಇರಿ, ಕಾರು ಬಂತು, ನೋಡ್ತೀನಿ" ಎಂಬ ಮಾತು ಕೇಳಿಸಿತು. ಒಂದು ನಿಮಿಷವಲ್ಲ, ಎಷ್ಟು ಹೊತ್ತು ಬೇಕಾದರೂ ಇರಲು ಅವಳು ತಯಾರಿದ್ದಳು.

ಅಂದಿನಿಂದ ಎಲ್ಲವೂ ನೆಟ್ಟಗಾಯಿತೆಂದೇನಲ್ಲ. ಮುಂದಿನ ವಾರ ಬೆನ್ವಾ ಬಂದಾಗ ಒಡೆಟ್ "ಬನ್ನಿ... ಬಾ, ಬಾ" ಎಂದು ತೊದಲಿದಳು. ಅವನೂ ಬಹಳ ಯೋಚಿಸಿ 'ಮದಾಂ ಒಡೆಟ್' ಎಂದು ಒಂದನ್ನು ಕಂಡುಕೊಂಡಿದ್ದ. ಅದನ್ನು ಕೇಳಿ ಕರೀನ್ ಹೊಟ್ಟೆ ಹಿಡಿದುಕೊಂಡು ನಕ್ಕಳು, ಹಳೇ ಕಾಲದ ಟೋಪಿ ಅಂಗಡಿಯ ಹೆಸರಿನ ಹಾಗಿದೆ ಎಂದಳು. ನಕ್ಕರೂ ಅದೇ ನಿಂತಿತು. ಅವನು ಅವಳಿಗೆ 'ನೀವು', ಅವಳು ಅವನಿಗೆ 'ನೀನು'. ಇಂಥ ಜೋಡಿ ಹೆಚ್ಚಾಗಿ ಒಂದೇ ಮನೆಯ ಹಿರಿಯರು, ಕಿರಿಯರ ನಡುವೆ ಇರುತ್ತದೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ.

ಜೂನಿನಲ್ಲಿ, ಸರೋವರ ನೀಲಿಯಾಗಿ ತೆರೆದುಕೊಂಡಿದ್ದಾಗ, ಪುರಸಭೆಯ ಸಣ್ಣ ಸಭಾಂಗಣದಲ್ಲಿ ಮದುವೆ. ಮಧ್ಯೆ ದಾರಿ ಬಿಟ್ಟು ಎರಡು ಕಡೆ ಕುರ್ಚಿ ಹಾಕಿದ್ದರು. ಹೆಣ್ಣಿನ ಕಡೆ ಕರೀನ್‌ಳ ಅಮ್ಮ, ಅತ್ತಿಗೆಯರು, ಅವರ ಮಕ್ಕಳು, ಕಚೇರಿಯ ಗೆಳತಿಯರು ತುಂಬಿಹೋಗಿದ್ದರು. ಗಂಡಿನ ಕಡೆ ಸಮುದ್ರ ತೀರದಿಂದ ಎರಡು ದಿನ ಕಾರು ಓಡಿಸಿಕೊಂಡು ಬಂದಿದ್ದ ಅವನ ಅಕ್ಕ ಯೋಲಾಂದ್ ಒಬ್ಬಳೇ, ಹಸಿರು ಫ್ರಾಕಿನಲ್ಲಿ, ಕೈಚೀಲ ಮಡಿಲಲ್ಲಿಟ್ಟುಕೊಂಡು, ಖಾಲಿ ಕುರ್ಚಿಗಳ ನಡುವೆ ಕೂತಿದ್ದಳು.

ಒಡೆಟ್ ಬಾಗಿಲಲ್ಲಿ ನಿಂತು ಎರಡೂ ಕಡೆ ನೋಡಿದಳು. ಕರೀನ್‌ಳ ಅಮ್ಮ ಕೈ ಸನ್ನೆ ಮಾಡಿ, "ಇಲ್ಲಿ ಬಾ ಒಡೆಟ್, ನಿನಗೆ ಜಾಗ ಹಿಡಿದಿದ್ದೀನಿ" ಎಂದಳು.

"ಬೇಡ ಮಾರಾಯ್ತಿ," ಎಂದಳು ಒಡೆಟ್, ಸಭೆಗೆಲ್ಲ ಕೇಳುವ ಹಾಗೆ. "ನನ್ನ ಸೊಂಟಕ್ಕೆ ಅಗಲವಾದ ಜಾಗ ಬೇಕು." ದಾರಿ ದಾಟಿ ಹೋಗಿ ಯೋಲಾಂದ್‌ಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಮುಂದೆ ನಿಂತಿದ್ದ ಬೆನ್ವಾ ಅದನ್ನು ನೋಡಿ, ಟೈ ಸರಿಮಾಡಿಕೊಳ್ಳುವ ನೆಪದಲ್ಲಿ ಗೋಡೆಯ ಕಡೆ ತಿರುಗಿಕೊಂಡ.

ಯೋಲಾಂದ್ ಅವಳ ಕಡೆ ಬಾಗಿ ಗಡಗಡನೆ ಏನೋ ಹೇಳಿದಳು. ಆ ಕಡೆಯ ಮಾತಿನ ಎಳೆತ, ಅರ್ಧ ನುಂಗಿದ ಪದಗಳು, ಕೊನೆಗೊಂದು ಪ್ರಶ್ನೆ.

"ಮೆಲ್ಲಗೆ ಹೇಳೇ ತಾಯಿ," ಎಂದಳು ಒಡೆಟ್. "ನಿನ್ನ ತಮ್ಮನ ಮಾತೇ ಈಗೀಗ ಅರ್ಥ ಆಗ್ತಿದೆ ನನಗೆ."

ಯೋಲಾಂದ್ ನಕ್ಕು, ಮತ್ತೆ ಮೊದಲಿನಿಂದ, ಈ ಸಲ ಒಂದೊಂದೇ ಮಾತಾಗಿ ಹೇಳತೊಡಗಿದಳು. ಒಡೆಟ್ ಕಿವಿಯ ಹತ್ತಿರ ಕೈ ಇಟ್ಟುಕೊಂಡು ಕೇಳಿಸಿಕೊಂಡಳು.